ಅರಮನೆಯ ವಾರಸುದಾರರು

ಅಣ್ಣಿಗೇರಿಯಲ್ಲಿ ಅರಮನೆಯಿಲ್ಲ. ರಾಜಧಾನಿಯಾಗಿದ್ದ ಊರಿಗೆ ಅರಮನೆ ಇದ್ದಿರಲೇಬೇಕು. ಆದರೆ ಇಲ್ಲಿತ್ತು ಎಂದು ಬೆರಳು ಮಾಡಿ ತೋರಿಸಲು ಒಂದು ಮೋಟು ಗೋಡೆಯೂ ಉಳಿದಿಲ್ಲ. ಒಂದು ಕಾಲಕ್ಕೆ ಇದು ಬೆಳ್ವೊಲ ಮುನ್ನೂರು ನಾಡಿನ ತಲೆಯೂರು. ಕಲ್ಯಾಣದ ಚಾಲುಕ್ಯರ ಕೊನೆಯ ದೊರೆ ನಾಲ್ಕನೆಯ ಸೋಮೇಶ್ವರ ಕಳಚುರಿಗಳಿಂದ ರಾಜ್ಯವನ್ನು ಮರಳಿ ಗೆದ್ದು, 1184ರ ಸುಮಾರಿಗೆ ಈ ಊರಿನಿಂದ ಆಳಿದ. ಬಡಗಣದಿಂದ ಸೇವುಣರ ಭಿಲ್ಲಮ ಒತ್ತಿದ, ತೆಂಕಣದಿಂದ ಹೊಯ್ಸಳರ ವೀರಬಲ್ಲಾಳ ಒತ್ತಿದ; 1189ರ ಹೊತ್ತಿಗೆ ಸೋಮೇಶ್ವರ ಬನವಾಸಿಯ ಕಡೆಗೆ ಸರಿದುಹೋದ. 973ರಲ್ಲಿ ತೈಲಪ ಎತ್ತಿ ನಿಲ್ಲಿಸಿದ ಮನೆತನ, ಎರಡು ಶತಮಾನ ಕನ್ನಡ ನಾಡಿನ ಭಾಗ್ಯವನ್ನು ಬರೆದ ಮನೆತನ, ಹೀಗೆ ಸದ್ದಿಲ್ಲದೆ ಮುಗಿಯಿತು.

ಇಂದು ಹುಬ್ಬಳ್ಳಿ–ಗದಗ ದಾರಿಯಲ್ಲಿ ಬಸ್ಸಿಳಿದು ನಡೆದರೆ ಕಾಣುವುದು ಒಂದು ತಾಲ್ಲೂಕು ಊರು: ಬೀಜ ಗೊಬ್ಬರದ ಅಂಗಡಿ, ಮಿರ್ಚಿಯ ಗಾಡಿ, ಹಳೆಯ ಮಾಳಿಗೆ ಮನೆಗಳ ನಡುವೆ ತಲೆಯೆತ್ತಿದ ಸಿಮೆಂಟಿನ ಮಹಡಿಗಳು. ಊರು ದಾಟಿದರೆ ಕಣ್ಣು ಹಾಯುವವರೆಗೂ ಎರಿ ಹೊಲ. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ಒಬ್ಬರನ್ನು ಅರಮನೆಯ ಬಗ್ಗೆ ಕೇಳಿದೆ. “ಅರಮನಿ ಎಲ್ಲಿ ಉಳೀತೈತ್ರೀ? ಗುಡಿ ಐತಿ, ನೋಡ್ರಿ,” ಎಂದರು. ಆ ಮಾತಿನಲ್ಲಿ ಮರುಕವೂ ಇರಲಿಲ್ಲ, ಕುಹಕವೂ ಇರಲಿಲ್ಲ. ಬೇಸಿಗೆಗೆ ಹಳ್ಳ ಬತ್ತುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದರು. ಅವರಿಗೆ ಸಹಜವಾದದ್ದು ನನಗೆ ಪ್ರಶ್ನೆಯಾಯಿತು. ದೊರೆಯ ಮನೆ ಹೋಗಿ ದೇವರ ಮನೆ ನಿಂತದ್ದೇಕೆ? ಕಾವಲಿದ್ದದ್ದು ಅಳಿದು ಬಾಗಿಲು ತೆರೆದಿದ್ದದ್ದು ಉಳಿದದ್ದು ಹೇಗೆ?

ಗುಡಿಯೇನೋ ನಿಂತಿದೆ. ಹನ್ನೊಂದನೆಯ ಶತಮಾನದ ಅಮೃತೇಶ್ವರ ದೇವಾಲಯ, ಎಪ್ಪತ್ತಾರು ಕಂಬಗಳ ಗುಡಿಯೆಂದೇ ಹೆಸರಾದದ್ದು. ಮಂಟಪದೊಳಗೆ ಕಾಲಿಟ್ಟು ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾಯಬೇಕು. ಆಮೇಲೆ ಕಂಬಗಳು ಒಂದೊಂದಾಗಿ ಕಾಣತೊಡಗುತ್ತವೆ; ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದಂಥ ಬಳೆಗಳು, ಗಂಟೆಯಾಕಾರದ ಉಬ್ಬುಗಳು, ಕೂದಲೆಳೆಯಷ್ಟು ತೆಳುವಾದ ಅಂಚುಗಳು. ಹತ್ತಿರ ಹೋಗಿ ನೋಡಿದರೆ ಒಂದೇ ಕಂಬದಲ್ಲಿ ಎರಡು ಬಗೆಯ ಕಲ್ಲು. ಕೈಗೆ ಎಟುಕದ ಎತ್ತರದಲ್ಲಿ ಉಳಿಯ ಗೆರೆ ಇನ್ನೂ ಚೂಪಾಗಿದೆ. ಕೆಳಗೆ, ಕುಳಿತವರ ಬೆನ್ನು ತಾಗುವ ಮಟ್ಟದಲ್ಲಿ, ಗೆರೆ ಸವೆದು ಕಲ್ಲು ಎಣ್ಣೆಗಪ್ಪಾಗಿ ಹೊಳೆಯುತ್ತದೆ. ಒಂಬೈನೂರಕ್ಕೂ ಹೆಚ್ಚು ವರ್ಷ ಜನ ಒರಗಿ ಒರಗಿ ಸವೆಸಿದ್ದಾರೆ. ಒರಗುವವರಿದ್ದಾರೆಂದೇ ಕಂಬ ನಿಂತಿದೆ. ಸವೆಯುವುದು ಬೇರೆ, ಅಳಿಯುವುದು ಬೇರೆ. ಬಳಕೆ ವಸ್ತುವನ್ನು ಸವೆಸುತ್ತದೆ, ಬಳಸದಿರುವುದು ಅಳಿಸುತ್ತದೆ.

ಅರಮನೆ ಉಳಿಯದಿರುವುದಕ್ಕೆ ಸರಳವಾದ ಉತ್ತರವೊಂದುಂಟು. ನಮ್ಮವರು ದೇವರಿಗೆ ಕಲ್ಲಿನಲ್ಲಿ ಕಟ್ಟಿದರು, ದೊರೆಗೆ ಮರ ಮಣ್ಣು ಇಟ್ಟಿಗೆಗಳಲ್ಲಿ ಕಟ್ಟಿದರು. ಅಷ್ಟು ದೊಡ್ಡ ವಿಜಯನಗರದಲ್ಲಿಯೂ ಅರಮನೆಗಳೆಂದರೆ ಇಂದು ಬರಿಯ ಜಗತಿಗಳು. ಒಡ್ಡೋಲಗ ನಡೆದ ಮಂಟಪದಲ್ಲಿ ಸಾಲುಸಾಲಾಗಿ ಉಳಿದಿರುವುದು ಮರದ ಕಂಬಗಳನ್ನು ನಿಲ್ಲಿಸುತ್ತಿದ್ದ ನೆಲೆಗಳು ಮಾತ್ರ. ಇನ್ನು ಎರಿ ನೆಲವಂತೂ ಕಟ್ಟಡದ ಹಗೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ವರ್ಷಕ್ಕೊಮ್ಮೆ ಹೀಗೆ ಮೈಮುರಿಯುವ ನೆಲದ ಮೇಲೆ ಮಣ್ಣಿನ ಗೋಡೆ ಎಷ್ಟು ದಿನ ನಿಂತೀತು? ಬಿದ್ದ ಮೇಲೆ ಅದಕ್ಕೆ ಬೇರೆ ಬಳಕೆಯೂ ಉಂಟು. ಹಾಳೂರಿನ ದಿಬ್ಬದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಈ ಸೀಮೆಯ ರೈತರು ಚಕ್ಕಡಿಗಟ್ಟಲೆ ಹೇರಿಕೊಂಡು ಹೋಗುತ್ತಿದ್ದರು. ಸೋಮೇಶ್ವರನ ಅರಮನೆಯೂ ಹೀಗೆ ಹೊಲ ಸೇರಿ ಬಿಳಿಜೋಳವಾಗಿ, ಕಡಲೆಯಾಗಿ, ಯಾರದೋ ಮನೆಯ ರೊಟ್ಟಿಯಾಗಿ ಮುಗಿದಿದ್ದರೆ, ಅದನ್ನು ನಾಶವೆನ್ನಬೇಕೋ ಸದ್ವಿನಿಯೋಗವೆನ್ನಬೇಕೋ ತಿಳಿಯದು.

ಆದರೆ ಕಲ್ಲು–ಮಣ್ಣಿನ ಲೆಕ್ಕದಲ್ಲಿ ಎಲ್ಲವೂ ತೀರುವುದಿಲ್ಲ. ಇದೇ ಅಣ್ಣಿಗೇರಿಯಲ್ಲಿ ಗಂಗ ಪೆರ್ಮಾಡಿ ಕಟ್ಟಿಸಿದ ಒಂದು ಬಸದಿಯಿತ್ತು. ಚೋಳರ ದಂಡು ಬೆಳ್ವೊಲಕ್ಕೆ ನುಗ್ಗಿದಾಗ ಅದನ್ನು ಸುಟ್ಟು ಕೆಡವಿತು. ಗಾವರವಾಡದ ಶಾಸನ ಈ ಸಂಗತಿಯನ್ನು ಹೇಳಿ, ಮುಂದೆ ಮಂಡಳಿಕ ಲಕ್ಷ್ಮರಸ ಅದನ್ನು ಮತ್ತೆ ಎತ್ತಿ ನಿಲ್ಲಿಸಿ ದತ್ತಿ ಬಿಟ್ಟದ್ದನ್ನು ದಾಖಲಿಸುತ್ತದೆ. ಅದು 1071ರ ಸುಮಾರಿನ ಮಾತು. ಅಂದರೆ ದೇವರ ಮನೆಗೂ ಬೆಂಕಿ ಬಿದ್ದಿತ್ತು, ಕಲ್ಲೂ ಉರುಳಿತ್ತು. ವ್ಯತ್ಯಾಸ ಬಿದ್ದ ಮೇಲಿನದು. ಬಿದ್ದ ಬಸದಿಯನ್ನು ಕಟ್ಟಲು ಯಾರೋ ಒಬ್ಬರು ಬಂದರು, ಏಕೆಂದರೆ ಅದು ಬೇಕೆನ್ನುವವರು ಹಲವರಿದ್ದರು. ಬಿದ್ದ ಅರಮನೆಯನ್ನು ಕಟ್ಟಲು ಯಾರೂ ಬರುವುದಿಲ್ಲ. ಗೆದ್ದವನಿಗೆ ಸೋತವನ ಮನೆ ಅಪಶಕುನ, ಪ್ರಜೆಗೆ ಅದು ಎಂದೂ ಒಳಹೊಗದ ಬಾಗಿಲು. ಅರಮನೆಗೆ ವಾರಸುದಾರ ಒಬ್ಬನೇ; ಅವನು ಇಲ್ಲವಾದ ದಿನ ಅದು ಯಾರದೂ ಅಲ್ಲ.

ಈ ಮಾತಿನ ನಿಜ ತಿಳಿಯಬೇಕಾದರೆ ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದು ಕಿತ್ತೂರಿಗೆ ಹೋಗಬೇಕು. ಅಲ್ಲಿ ಅರಮನೆಯಿದೆ, ಹಾಳಾಗಿದೆ, ಹಾಳಾದರೂ ಇದೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯ ಕಾಲಕ್ಕೆ ರೂಪು ಪಡೆದ ಆ ಮನೆಗೆ ಈಗ ಸೂರಿಲ್ಲ. ಆಳೆತ್ತರ ಮೀರಿದ ದಪ್ಪ ಗೋಡೆಗಳು ಒಂದಕ್ಕೊಂದು ಮುಖಮಾಡಿ ನಿಂತಿವೆ. ದೀಪವಿಡುತ್ತಿದ್ದ ಗೂಡುಗಳಿವೆ, ದೀಪದ ಮಸಿಯಿಲ್ಲ. ಬಾಗಿಲ ತೆರಪುಗಳಿವೆ, ಬಾಗಿಲಿಲ್ಲ. ಸಾಗುವಾನಿಯ ಕಂಬ ತೊಲೆಗಳು ಹರಾಜಾಗಿ ಹೋದವೆಂದು ಆ ಸೀಮೆಯವರು ಹೇಳುತ್ತಾರೆ. ಮರ ಹೋದ ಮೇಲೆ ಕೋಣೆಗಳೆಲ್ಲ ಅಂಗಳಗಳಾಗಿವೆ. ಯಾವುದು ಅಡಿಗೆಮನೆ, ಯಾವುದು ದೇವರಕೋಣೆ ಎಂದು ಫಲಕ ನೋಡಿ ತಿಳಿಯಬೇಕು.

ಈ ಮನೆ ಮುಪ್ಪಿನಿಂದ ಬೀಳಲಿಲ್ಲ, ವಾರಸಿನ ಪ್ರಶ್ನೆಯಿಂದ ಬಿತ್ತು. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ, ಬೊಕ್ಕಸಕ್ಕೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಕೋಟೆಯ ಬಾಗಿಲಾಚೆ ನುಗ್ಗಿತು, ಥ್ಯಾಕರೆ ಬಿದ್ದ. ಡಿಸೆಂಬರ್‌ನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಡಾಲ್‌ಹೌಸಿ ದತ್ತು ಮಕ್ಕಳ ಹಕ್ಕು ಕಿತ್ತುಕೊಳ್ಳುವುದನ್ನೇ ನೀತಿಯಾಗಿ ಮಾಡಿಕೊಳ್ಳುವುದಕ್ಕೆ ಇನ್ನೂ ಎರಡು ದಶಕ ಬಾಕಿಯಿದ್ದಾಗಲೇ ಕಿತ್ತೂರು ಅದಕ್ಕೆ ಬಲಿಯಾಗಿತ್ತು. ಒಂದು ಮಗುವನ್ನು ಸಿಂಹಾಸನದ ಮೇಲೆ ಕೂಡಿಸಬಹುದೇ ಬಾರದೇ ಎಂಬ ಒಂದು ಪ್ರಶ್ನೆ. ಅದಕ್ಕೆ ಒಂದು ರಾಜ್ಯದ ಬೆಲೆ.

ಆ ಹಾಳುಗೋಡೆಗಳಲ್ಲಿ ಒಂದು ಕೊಳವೆಯಿದೆ. ಅದರಲ್ಲಿ ಕಣ್ಣಿಟ್ಟರೆ ಧ್ರುವ ನಕ್ಷತ್ರ ಕಾಣುವಂತೆ ಗೋಡೆಗೆ ಕೂಡಿಸಿದ್ದು. ನೋಡಲು ಬಂದ ಶಾಲೆಯ ಮಕ್ಕಳು ಹಗಲಲ್ಲೇ ಒಬ್ಬರನ್ನೊಬ್ಬರು ತಳ್ಳಿ ಅದರೊಳಗೆ ಇಣುಕುತ್ತಾರೆ. ಕಾಣುವುದು ಒಂದು ಬಿಲ್ಲೆಯಷ್ಟು ಬೆಳಕು. ನಮ್ಮ ಸೀಮೆಯಲ್ಲಿ ಧ್ರುವ ಬಾನಿನ ಅಂಚಿಗಿಂತ ಹದಿನೈದು ಹದಿನಾರು ಡಿಗ್ರಿ ಮಾತ್ರ ಮೇಲೆ, ಮರ ಮನೆ ಅಡ್ಡವಾದರೆ ಕಾಣುವುದೇ ಇಲ್ಲ. ಅದಕ್ಕೆಂದೇ ಒಂದು ಕಂಡಿ ಮಾಡಿಸಿಕೊಂಡ ದೊರೆಯ ಮನಸ್ಸು ಹೇಗಿದ್ದಿರಬಹುದು? ಹೊರಗೆ ಪೇಶ್ವೆಯ ಕಾಣಿಕೆ, ಟಿಪ್ಪುವಿನ ದಂಡು, ಕಂಪನಿಯ ಕರಾರು. ಎಲ್ಲವೂ ಸರಿಯುವ ಕಾಲದಲ್ಲಿ ಸರಿಯದ ಒಂದನ್ನಾದರೂ ಕಾಣಬೇಕೆಂಬ ಆಸೆ ಯಾರಿಗಿಲ್ಲ?

ಧ್ರುವನ ಕತೆಯನ್ನು ನಾವೆಲ್ಲ ಅಜ್ಜಿಯ ಬಾಯಲ್ಲಿ ಕೇಳಿದವರು. ಉತ್ತಾನಪಾದ ರಾಜನ ತೊಡೆಯೇರಲು ಹೋದ ಐದು ವರ್ಷದ ಕೂಸನ್ನು ಮಲತಾಯಿ ಸುರುಚಿ ಇಳಿಸಿದಳು. ಆ ಕೂಸು ಕಾಡಿಗೆ ಹೋಗಿ ತಪಸ್ಸು ಮಾಡಿ, ಯಾರೂ ಇಳಿಸಲಾರದ ಜಾಗವನ್ನು ಬಾನಿನಲ್ಲಿ ಪಡೆಯಿತು. ಗದ್ದುಗೆಯಿಂದ ಇಳಿಸಿದ ಇನ್ನೊಂದು ಕೂಸಿನ ಅರಮನೆಯಲ್ಲಿ ನಿಂತು ಆ ಕತೆ ನೆನೆದಾಗ ಎದೆ ಭಾರವಾಗುತ್ತದೆ. ಇನ್ನೂ ಭಾರವಾದ ಮಾತೊಂದಿದೆ. ಭೂಮಿಯ ಅಕ್ಷ ಬಹಳ ನಿಧಾನವಾಗಿ ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಅದರಿಂದ ಧ್ರುವದ ಜಾಗವೂ ಶಾಶ್ವತವಲ್ಲ. ಸೋಮೇಶ್ವರ ಅಣ್ಣಿಗೇರಿಯಲ್ಲಿ ಆಳುತ್ತಿದ್ದಾಗ ಈ ನಕ್ಷತ್ರ ಬಾನಿನ ನಡುಗಂಬದಿಂದ ಐದು ಡಿಗ್ರಿಯಷ್ಟು ಆಚೆಗಿತ್ತು. ಹತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿಟ್ಟಷ್ಟು ದೂರ. 2100ರ ಸುಮಾರಿಗೆ ತೀರ ಹತ್ತಿರ ಬಂದು ಮತ್ತೆ ದೂರ ಸರಿಯತೊಡಗುತ್ತದೆ. ಹನ್ನೆರಡು ಸಾವಿರ ವರ್ಷ ಕಳೆದರೆ ಆ ಪೀಠದ ಸಮೀಪ ಅಭಿಜಿತ್ ನಕ್ಷತ್ರ ಇರುತ್ತದೆ. ಬಾನಿನ ಗದ್ದುಗೆಗೂ ಸರದಿಯುಂಟು. ಹಾಗಿದ್ದ ಮೇಲೆ ಅಳಿವಿನ ಬಗ್ಗೆ ದೂರುವುದಾದರೂ ಯಾರ ಮುಂದೆ? ಉಳಿಯುವುದೇ ಬೆಲೆಯ ಅಳತೆಯಾದರೆ ನಕ್ಷತ್ರಕ್ಕೂ ಬೆಲೆಯಿಲ್ಲ. ನಕ್ಷತ್ರಕ್ಕೆ ಬೆಲೆಯಿದೆಯಾದರೆ ಅಳತೆಯೇ ಬೇರೆಯಿರಬೇಕು.

ಕಿತ್ತೂರಿನ ಕತೆಯೂ ಅರಮನೆಯ ಜೊತೆಗೆ ಮುಗಿಯಲಿಲ್ಲ. ಆ ದತ್ತು ಮಗನನ್ನೇ ಮತ್ತೆ ಗದ್ದುಗೆಯಲ್ಲಿ ಕೂಡಿಸುತ್ತೇನೆಂದು ಹೊರಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ಪುಟ್ಟ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಅರಮನೆ ತನಗೊಬ್ಬ ವಾರಸುದಾರನನ್ನು ಕಾಣದೆ ಬಿತ್ತು. ಅದಕ್ಕಾಗಿ ಸತ್ತ ಆಳುಮಗನ ಬಳಿಗೆ ಊರೂರ ಜನ ತಮ್ಮ ವಂಶದ ಕುಡಿಯನ್ನು ಬೇಡಿ ಬರುತ್ತಾರೆ. ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ.

ಇದೇ ಸೀಮೆಯ ಕುಂದಗೋಳದಲ್ಲಿ ಇನ್ನೊಂದು ದೊಡ್ಡ ಮನೆಯಿದೆ. ಅದು ಬಿದ್ದಿಲ್ಲ. ನಾಡಗೀರರ ವಾಡೆ. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ಹೋಯಿತು, ನಾಡಗೀರಿಕೆಯ ಅಧಿಕಾರವೂ ಹೋಯಿತು. ವಾಡೆಯ ಹೆಸರು ಮಾತ್ರ ಸಂಗೀತ ಬಲ್ಲವರ ಬಾಯಲ್ಲಿ ಹಸಿರಾಗಿದೆ. ಅದಕ್ಕೆ ಕಾರಣ ಕಂಬವೂ ಅಲ್ಲ, ಕೋಟೆಬಾಗಿಲೂ ಅಲ್ಲ. ಅಬ್ದುಲ್ ಕರೀಂ ಖಾನರ ಶಿಷ್ಯ, 1886ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ ಸವಾಯಿ ಗಂಧರ್ವರ ದನಿ ಆ ಊರಿನದು. ಭೀಮಸೇನ ಜೋಶಿ ಈ ಗುರುವಿನ ಬಳಿ ಕಲಿಯಲೆಂದು ಆ ಊರಿನಲ್ಲಿ ವರ್ಷಗಟ್ಟಲೆ ಇದ್ದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದರು. ಗುರುವಿನ ಪುಣ್ಯತಿಥಿಗೆ ವಾಡೆಯಲ್ಲಿ ರಾತ್ರಿಯೆಲ್ಲ ಹಾಡುವ ಪದ್ಧತಿ ಬೆಳೆಯಿತು. ಹಾಡಿದ ಗಳಿಗೆಯಲ್ಲೇ ಗಾಳಿಗೆ ಕರಗುವುದು ಸ್ವರ. ಅದಕ್ಕಿಂತ ಕ್ಷಣಿಕವಾದದ್ದು ಇನ್ನೇನಿದೆ? ಆದರೂ ಗುರುವಿನ ಗಂಟಲಿಂದ ಶಿಷ್ಯನ ಕಿವಿಗೆ, ಅಲ್ಲಿಂದ ಇನ್ನೊಂದು ಗಂಟಲಿಗೆ ದಾಟಿ ದಾಟಿ, ಗೋಡೆಯನ್ನು ಎತ್ತಿಹಿಡಿದದ್ದು ಅದೇ. ಹಾಡಿಗೆ ಗೋಡೆ ಆಸರೆಯೆಂದು ತಿಳಿದಿದ್ದೆವು. ಇಲ್ಲಿ ಗೋಡೆಗೆ ಹಾಡು ಆಸರೆ.

ಮಾತಿನ ವಿಷಯವೂ ಹೀಗೆಯೇ. ಆದಿಕವಿ ಪಂಪನ ತಾಯಿಯ ಕಡೆಯವರು ಅಣ್ಣಿಗೇರಿಯವರೆಂದು ಅವನ ತಮ್ಮ ಜಿನವಲ್ಲಭನ ಶಾಸನದಿಂದ ತಿಳಿಯುತ್ತದೆ. ಪಂಪನಿಗೆ ಆಶ್ರಯ ಕೊಟ್ಟವನು ವೇಮುಲವಾಡದ ಅರಿಕೇಸರಿ. ಆ ದೊರೆ ಕವಿಗೆ ಅಗ್ರಹಾರ ಕೊಟ್ಟ. ಕವಿ 941ರಲ್ಲಿ ಮುಗಿಸಿದ ಕಾವ್ಯದಲ್ಲಿ ಅವನನ್ನು ಅರ್ಜುನನೊಡನೆ ಬೆಸೆದ. ಅಂದು ಯಾರು ಯಾರಿಗೆ ಆಶ್ರಯ ಕೊಟ್ಟರು ಎಂದು ಕೇಳಿದ್ದರೆ ಉತ್ತರ ಸುಲಭವಿತ್ತು. ಸಾವಿರ ವರ್ಷದ ಮೇಲೆ ಕೇಳಿದರೆ ಉತ್ತರ ತಿರುಗುಮುರುಗು. ಅರಿಕೇಸರಿ ಇಂದು ವಾಸವಾಗಿರುವುದು ಪಂಪನ ಪದ್ಯದಲ್ಲಿ. ಅದೂ ಓದುವವರಿರುವಷ್ಟು ದಿನ.

ಇಷ್ಟು ಹೇಳಿ ಸಮಾಧಾನಪಡಬಹುದಿತ್ತು: ಒಬ್ಬನದ್ದು ಅಳಿಯುತ್ತದೆ, ಹಲವರದ್ದು ಉಳಿಯುತ್ತದೆ ಎಂದು. ಆದರೆ ಅಣ್ಣಿಗೇರಿ ಅಷ್ಟು ಸುಲಭದ ಸಮಾಧಾನ ಕೊಡುವ ಊರಲ್ಲ. 2010ರಲ್ಲಿ ಅಲ್ಲಿ ಚರಂಡಿಗೆಂದು ಅಗೆದಾಗ ಮನುಷ್ಯರ ತಲೆಬುರುಡೆಗಳು ಹೊರಬಿದ್ದವು, ಒಂದೆರಡಲ್ಲ, ನೂರಾರು. ಪರೀಕ್ಷೆ ಮಾಡಿದವರು ಸುಮಾರು ಆರುನೂರು ವರ್ಷ ಹಿಂದಿನವೆಂದರು. ಯುದ್ಧದಲ್ಲಿ ಕಡಿದವೋ, ಬರಗಾಲದಲ್ಲಿ ಸತ್ತವರವೋ ಎಂಬ ವಾದ ನಡೆಯಿತು. ಸೋಮೇಶ್ವರನ ಹೆಸರುಳಿಯಿತು, ಮನೆಯುಳಿಯಲಿಲ್ಲ, ಮೈಯುಳಿಯಲಿಲ್ಲ. ಇವರ ಮೂಳೆಯುಳಿಯಿತು, ಹೆಸರುಳಿಯಲಿಲ್ಲ. ಇವರು ಒಬ್ಬರಲ್ಲ, ಹಲವರು. ಇವರಿಗೂ ಮಕ್ಕಳು ಮರಿ ಇದ್ದರು, ಬಿತ್ತಿದ ಹೊಲವಿತ್ತು, ಹಾಡಿದ ಪದವಿತ್ತು. ಏನೂ ದಾಟಿ ಬರಲಿಲ್ಲ. ಹಲವರ ಪಾಲಿನದು ಉಳಿಯುತ್ತದೆಂಬ ನನ್ನ ಲೆಕ್ಕ ಈ ಚರಂಡಿಯ ಅಂಚಿಗೆ ಬಂದು ನಿಂತುಬಿಡುತ್ತದೆ.

ಆಗ ಪ್ರಶ್ನೆಯನ್ನೇ ಬೇರೆಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಉಳಿಯಲಿಲ್ಲ ಎಂದ ಮಾತ್ರಕ್ಕೆ ವ್ಯರ್ಥವಾಯಿತು ಎಂದೇನು? ಆ ನೂರಾರು ಜನ ಬದುಕಿದ್ದ ದಿನಗಳಲ್ಲಿ ಮಗುವಿನ ನಗು ಅವರಿಗೆ ನಮ್ಮಷ್ಟೇ ನಿಜವಾಗಿತ್ತು, ಮುಂಗಾರು ತಡವಾದರೆ ನಮ್ಮಷ್ಟೇ ದಿಗಿಲಾಗುತ್ತಿತ್ತು. ನಾವು ನೆನೆಯಲಿ ಎಂದು ಅವರು ಬದುಕಲಿಲ್ಲ; ನಾವು ಮರೆತೆವೆಂದು ಅವರ ಬದುಕು ಕಡಿಮೆಯಾಗಲೂ ಇಲ್ಲ. ಬೆಲೆಯೆಂಬುದು ನಡೆದ ಗಳಿಗೆಗೆ ಸಂದ ಋಣ. ಉಳಿವೆಂಬುದು ಆಮೇಲೆ ಬಂದವರ ಹೊಣೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದಲೇ ಹಾಳು ಕಂಡಾಗಲೆಲ್ಲ ನಮಗೆ ದುಃಖ, ಗುಡಿ ಕಂಡಾಗಲೆಲ್ಲ ಹೆಮ್ಮೆ.

ಆ ಹೊಣೆಯ ವಿಷಯದಲ್ಲಿ ನಮ್ಮ ಕಾಲ ಹೇಳಿಕೊಳ್ಳುವಂಥದ್ದೇನೂ ಅಲ್ಲ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಮಗ್ಗದ ಮುಂದೆ ಕೂಡುವ ಹೆಂಗಸರು ಕಡಿಮೆಯಾಗುತ್ತಿದ್ದಾರೆ. ಶಾಸನದ ಕಲ್ಲು ಬಟ್ಟೆ ಒಗೆಯುವ ಹಾಸುಗಲ್ಲಾದದ್ದನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರಿಲ್ಲ. ಮಾಳಿಗೆ ಮನೆಗಳ ಗತಿಯನ್ನಂತೂ ಎಲ್ಲರೂ ಬಲ್ಲರು. ತೊಲೆ, ಜಂತಿ, ಮೇಲೆ ಮೊಳದಷ್ಟು ಮಣ್ಣು. ಸುಡುಬೇಸಿಗೆಯಲ್ಲೂ ತಂಪಾದ ಮನೆ. ಅದಕ್ಕೆ ಒಂದೇ ಕರಾರು: ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಬಿರುಕು ನೋಡಿ, ಹೊಸ ಮಣ್ಣು ಹಾಕಿ ತುಳಿಯಬೇಕು. ಮಗ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ, ಮನೆಗೆ ಕೀಲಿ ಬಿತ್ತು. ಎರಡು ಮಳೆಗಾಲಕ್ಕೆ ಸೋರುತ್ತದೆ, ಇನ್ನೆರಡಕ್ಕೆ ಜಂತಿ ಕೊಳೆಯುತ್ತದೆ, ಆಮೇಲೆ ಬಾಗಿಲ ಚೌಕಟ್ಟಿಗೆ ಗಿರಾಕಿ ಬರುತ್ತಾನೆ. ಕಿತ್ತೂರಿಗೆ ಕಂಪನಿಯ ತೋಪು ಬೇಕಾಯಿತು. ನಮ್ಮ ಮನೆಗಳಿಗೆ ನಾವು ಇಲ್ಲದಿದ್ದರೆ ಸಾಕು.

ಇದಕ್ಕೆ ಯಾರನ್ನೂ ದೂರುವಂತಿಲ್ಲ. ಹೊಟ್ಟೆಪಾಡು ಮನುಷ್ಯನನ್ನು ಎಳೆದಲ್ಲಿಗೆ ಮನುಷ್ಯ ಹೋಗುತ್ತಾನೆ. ಎಲ್ಲವನ್ನೂ ಹೊತ್ತುಕೊಂಡು ಹೋಗಲು ಯಾವ ಹೆಗಲಿಗೂ ಆಗದು. ಬಿಡುವುದೂ ಬಾಳಿನ ಧರ್ಮವೇ. ಹಳೆಯದೆಲ್ಲ ಉಳಿದಿದ್ದರೆ ಹೊಸಬರಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ, ಬೆಳ್ವೊಲದಲ್ಲಿ ಅರಮನೆಗಳಿರುತ್ತಿದ್ದವು, ಜೋಳವಿರುತ್ತಿರಲಿಲ್ಲ. ಆದರೆ ಬಿಡುವಾಗ ಬಿಡುತ್ತಿದ್ದೇವೆಂದು ತಿಳಿದು ಬಿಡುವುದು ಒಂದು. ಹಿಡಿದಿದ್ದೇವೆಂಬ ಭ್ರಮೆಯಲ್ಲಿಯೇ ಕಳೆದುಕೊಳ್ಳುವುದು ಇನ್ನೊಂದು. ವರ್ಷಕ್ಕೊಮ್ಮೆ ಉತ್ಸವ ಮಾಡಿ, ಪ್ರತಿಮೆಗೆ ಹಾರ ಹಾಕಿ, ಪರಂಪರೆ ನಮ್ಮದೆಂದು ಎದೆತಟ್ಟಿಕೊಳ್ಳುವುದು ಸುಲಭ. ಅಮೃತೇಶ್ವರನ ಕಂಬ ಉಳಿದದ್ದು, ಬಸದಿ ಮತ್ತೆ ಎದ್ದದ್ದು, ಕುಂದಗೋಳದ ಸ್ವರ ದಾಟಿ ಬಂದದ್ದು ಎದೆತಟ್ಟಿಕೊಂಡವರಿಂದಲ್ಲ. ಕಸ ಗುಡಿಸಿದವರಿಂದ, ಕಲ್ಲು ಹೊತ್ತವರಿಂದ, ಬೆಳಗಿನ ಜಾವ ಎದ್ದು ಷಡ್ಜ ಹಿಡಿದವರಿಂದ. ಯಾವುದಕ್ಕಾಗಿ ಪ್ರತಿ ಮಳೆಗಾಲಕ್ಕೂ ಮೊದಲು ಮಣ್ಣು ಹೊರಲು ನಾವು ಸಿದ್ಧರಿದ್ದೇವೆಯೋ ಅದಕ್ಕೆ ನಾವು ವಾರಸುದಾರರು; ಮಿಕ್ಕ ಎಲ್ಲದಕ್ಕೂ ನಾವು ನೋಡಲು ಬಂದವರು.